ಮಗುವಿನ ಜೀವನಾಂಶ: ಸಂಬಳದಲ್ಲಿ ಎಷ್ಟು ಪರ್ಸೆಂಟ್?

ಪ್ರಶ್ನೆ: ಅಪ್ಪ-ಅಮ್ಮ ಬೇರೆಯಾದ ಮೇಲೆ ಮಗುವಿಗೆ ಸಂಬಳದ ಇಂತಿಷ್ಟು ಭಾಗ ಅಂತ ಕಾನೂನಿನಲ್ಲಿ ಇದೆಯಾ? ಕೆಲವರು ಶೇ 25 ಅಂತಾರೆ.

ಉತ್ತರ 1: ಅಂಥ ಸೂತ್ರ ಇಲ್ಲ ಸರ್. ಶೇ 25 ಅನ್ನೋದು ಹೆಂಡತಿಯ ಜೀವನಾಂಶದ ತೀರ್ಪೊಂದರಲ್ಲಿ ಬಂದ ಮಾತು. ಕೋರ್ಟ್ ಇಬ್ಬರ ಆದಾಯ, ಮಗುವಿನ ಖರ್ಚು ಎರಡನ್ನೂ ತೂಗುತ್ತೆ. ಸುಪ್ರೀಂ ಕೋರ್ಟಿನ 2020ರ ರಜನೇಶ್–ನೇಹಾ ತೀರ್ಪಿನ ನಂತರ ಇಬ್ಬರೂ ಆಸ್ತಿ-ಸಾಲದ ಅಫಿಡವಿಟ್ ಕೊಡಬೇಕು. ಸ್ಕೂಲ್ ಫೀ ರಸೀದಿ, ಔಷಧಿ ಬಿಲ್ಲು, ಟ್ಯೂಷನ್ ಖರ್ಚು ಜೋಡಿಸಿಡಿ, ಬಾಯಿಲೆಕ್ಕ ನಿಲ್ಲಲ್ಲ.

ಉತ್ತರ 2: ಅರ್ಜಿ ಹಾಕೋದು ಬಿಎನ್‌ಎಸ್‌ಎಸ್ (ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನು) ಸೆಕ್ಷನ್ 144ರಡಿ, ಅಂದರೆ ಹಳೇ ಸಿಆರ್‌ಪಿಸಿಯ 125. ಜೊತೆಗೇ ಮಧ್ಯಂತರ ಜೀವನಾಂಶವನ್ನೂ (ಕೇಸ್ ಮುಗಿಯೋವರೆಗೆ ಕೊಡೋ ಹಣ) ಕೇಳಿ. ಮೇಲೆ ಹೇಳಿದ ರಜನೇಶ್–ನೇಹಾ ತೀರ್ಪಿನಂತೆ ಹಣ ಅರ್ಜಿ ಹಾಕಿದ ದಿನದಿಂದ ಲೆಕ್ಕ, ಹಾಗಾಗಿ ತಡ ಮಾಡಿದಷ್ಟೂ ನಷ್ಟ.

ಉತ್ತರ 3: ಜೀವನಾಂಶ ಬಾಕಿ ಉಳಿಸಿಕೊಂಡರೆ, ಅದು ಕೊಡಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಿ. ಆಮೇಲೆ ಆ ಬಾಕಿಗೆ ಸೆಕ್ಷನ್ 144ರಡಿ ವಸೂಲಿ ವಾರಂಟ್ ಸಿಗಲ್ಲ. ತುಂಬಾ ಜನ ಎಡವೋದು ಇಲ್ಲೇ.