ಅಪ್‌ಡೇಟ್: ಕಾಕಾನ ಬಾಯಿಹುಣ್ಣು, ಎದೆ ಮೇಲಿನ ಕಲೆ, ಕಾರಣ ಸಿಕ್ತು

ಹೋದ ತಿಂಗಳು ಕೇಳಿದ್ದೆ ಅಲ್ವಾ, ಗುಳೇದಗುಡ್ಡದ ನಮ್ಮ ಕಾಕಾಗೆ ಜ್ವರ, ಕೆಂಪು ಕಣ್ಣು, ಬಾಯಿ ತುಂಬ ಹುಣ್ಣು, ಎದೆ ಮೇಲೆ ಕಲೆ, ಇದು ಉಷ್ಣವೋ ಅಮ್ಮನೋ ಅಂತ. ಎರಡೂ ಅಲ್ಲ. ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್, ಅಂದರೆ ಹೆಚ್ಚಾಗಿ ಯಾವುದೋ ಮಾತ್ರೆ ಮೈಗೆ ಒಗ್ಗದೆ ಬಾಯಿ, ಕಣ್ಣು ಹುಣ್ಣಾಗಿ ಚರ್ಮ ಸುಲಿಯುವ ಕಾಯಿಲೆ. ನೀವೆಲ್ಲ ಬೈದಿದ್ದಕ್ಕೆ ಅವತ್ತೇ ರಾತ್ರಿ ಬಾಗಲಕೋಟೆಗೆ ಕರ್ಕೊಂಡು ಹೋದೆವು.

ಡಾಕ್ಟರ್ ಮೊದಲು ಕೇಳಿದ್ದು ಹೊಸದಾಗಿ ಏನು ಮಾತ್ರೆ ಶುರು ಮಾಡಿದ್ರಿ ಅಂತ. ಕಾಕು ಔಷಧಿ ಚೀಲ ಟೇಬಲ್ ಮೇಲೆ ಸುರಿದರು. ಹಿಂದಿನ ದಿನ ತಗೊಂಡ ಜ್ವರದ ಮಾತ್ರೆ ಮೇಲೇ ನಮಗೆಲ್ಲ ಅನುಮಾನ ಇತ್ತು, ಆದರೆ ಜ್ವರ ಬಂದ ಮೇಲೆ ತಾನೇ ಅದನ್ನು ನುಂಗಿದ್ದು! ಡಾಕ್ಟರ್ ಎತ್ತಿಟ್ಟಿದ್ದು ಯೂರಿಕ್ ಆ್ಯಸಿಡ್‌ಗೆ 18 ದಿನದಿಂದ ತಗೊಳ್ತಿದ್ದ ಅಲೋಪ್ಯೂರಿನಾಲ್. ಇಂಥದ್ದು ಸಾಮಾನ್ಯವಾಗಿ ಮಾತ್ರೆ ಶುರುವಾದ 4ರಿಂದ 28 ದಿನದೊಳಗೆ ಬರುತ್ತಂತೆ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪೈನ್, ಫೆನಿಟಾಯಿನ್, ಆಮೇಲೆ ಸಲ್ಫಾ ಮಾತ್ರೆಗಳಿಂದಲೂ ಆಗುತ್ತದೆ.

ಮಕ್ಕಳಿಗೂ ಬರುತ್ತಾ ಅಂತ ಒಬ್ಬರು ಕೇಳಿದ್ದರು. ಬರುತ್ತದೆ. ಅವರಲ್ಲಿ ಮೈಕೋಪ್ಲಾಸ್ಮಾ ಅನ್ನೋ ಎದೆಯ ಸೋಂಕಿನಿಂದಲೂ ಬಾಯಿ, ಕಣ್ಣು ಹೀಗೇ ಹುಣ್ಣಾಗಬಹುದು.

ಚರ್ಮ ಸುಲಿದಿದ್ದು ಇಡೀ ಮೈಯ 10%ಗಿಂತ ಕಡಿಮೆ, ಅದೇ ಪುಣ್ಯ. 30% ದಾಟಿದರೆ ಅದಕ್ಕೆ ಹೆಸರೇ ಬೇರೆ, ಜೀವಕ್ಕೂ ಜಾಸ್ತಿ ಅಪಾಯ. ಸುಟ್ಟಗಾಯದವರ ಥರಾನೇ ನೋಡಿಕೊಂಡರು. ಕಣ್ಣಿನ ಡಾಕ್ಟರ್ ದಿನಾ ಬಂದು ರೆಪ್ಪೆ ಅಂಟಿಕೊಳ್ಳದ ಹಾಗೆ ಬಿಡಿಸಿ ಹೋಗ್ತಿದ್ದರು, ಆಗ ಕಾಕಾ ನನ್ನ ಕೈ ಹಿಡಿದದ್ದು ಇನ್ನೂ ಮರೆತಿಲ್ಲ.

ಈಗ ಮನೆಯಲ್ಲಿದ್ದಾರೆ. ರೊಟ್ಟಿನ ಹಾಲಲ್ಲಿ ನೆನೆಸಿ ತಿಂತಾರೆ, ಖಾರ ಇಲ್ಲ ಅಂತ ಸಿಟ್ಟು. ಮಾತ್ರೆ ಹೆಸರು ಬರೆದ ಚೀಟಿನ ಅಂಗಿ ಜೇಬಲ್ಲೇ ಇಟ್ಟಿದ್ದೇವೆ.