ಪ್ರಶ್ನೋತ್ತರ: ಕಮ್ಮಿ ದುಡ್ಡಿನಲ್ಲಿ ಮನೆ ಅಡುಗೆ. ಇವತ್ತು ಡಯಟಿಷಿಯನ್ ಮೇಡಂ ಇದ್ದಾರೆ, ಕೇಳಿ

ಅಡ್ಮಿನ್: ಮೇಡಂ 16 ವರ್ಷದಿಂದ ಆಸ್ಪತ್ರೆಯಲ್ಲಿ ಡಯಟಿಷಿಯನ್. ರಾತ್ರಿ 8ರಿಂದ 10ರವರೆಗೆ ಉತ್ತರ ಕೊಡುತ್ತಾರೆ. ದಿನಸಿ ಬಿಲ್ಲು ಏರಿಸದೆ ಮನೆಯಲ್ಲೇ ಸರಿಯಾಗಿ ಉಣ್ಣುವುದು ಹೇಗೆ, ಅದಷ್ಟೇ ವಿಷಯ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಮೈಸೂರು ಮನೆ: ನಮಸ್ತೆ ಮೇಡಂ. ನಾವು ನಾಲ್ಕು ಜನ, ಅಡುಗೆಗೆ ತಿಂಗಳಿಗೆ 6,000. ರೇಷನ್ ಅಕ್ಕಿ ಬರುತ್ತೆ. ತೊಗರಿಬೇಳೆ ರೇಟಿಗೆ ಹೆದರಿ ಸಾರು ದಿನಾ ತೆಳ್ಳಗಾಗ್ತಿದೆ. ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು?

ಡಯಟಿಷಿಯನ್: ನಮಸ್ತೆ. ಒಳ್ಳೆ ಪ್ರಶ್ನೆ. ತೊಗರಿ ಕಮ್ಮಿ ಮಾಡಿ, ಸಾರಿನೊಳಗಿನ ಕಾಳು ಕಮ್ಮಿ ಮಾಡಬೇಡಿ. ವಾರದಲ್ಲಿ ನಾಲ್ಕು ದಿನ ಹುರುಳಿ, ಹೆಸರುಕಾಳು, ಅಲಸಂದೆ ಬರಲಿ. 100 ಗ್ರಾಂ ಹುರುಳಿಯಲ್ಲೂ ತೊಗರಿಯಲ್ಲೂ ಪ್ರೋಟೀನ್ ಹೆಚ್ಚುಕಮ್ಮಿ ಒಂದೇ, 22 ಗ್ರಾಂ ಹತ್ತಿರ. ರಾತ್ರಿ ನೆನೆಸಿಟ್ಟರೆ ಅಡುಗೆ ಗ್ಯಾಸೂ ಉಳಿಯುತ್ತೆ. ಬಸ್ಸಾರು ಮಾಡಿದರೆ ಕಟ್ಟು ಸಾರಿಗೆ, ಕಾಳು ಸೊಪ್ಪು ಪಲ್ಯಕ್ಕೆ. ಚೆಲ್ಲುವುದು ಏನೂ ಇಲ್ಲ. ನಿಜವಾಗಿ ಉಳಿಸಬೇಕಾದ್ದು ಬಿಸ್ಕತ್ತು, ಕುರುಕಲು, ರೆಡಿ ಮಸಾಲೆ, ಟೀವಿಯಲ್ಲಿ ಬರುವ ಡಬ್ಬಿ ಪುಡಿ. ಒಂದು ತಿಂಗಳು ಇವಕ್ಕೆ ಎಷ್ಟು ಹೋಯ್ತು ಅಂತ ಕ್ಯಾಲೆಂಡರ್ ಮೇಲೆ ಬರೆದಿಡಿ. ಕೊನೆಗೆ ನೀವೇ ನನಗೆ ಹೇಳ್ತೀರಿ.

ಪೀಜಿ ರೂಮ್ 12: ಮೇಡಂ ಬೆಂಗಳೂರಲ್ಲಿ ಪೀಜಿ. ಒಂದು ಇಂಡಕ್ಷನ್ ಸ್ಟೌ, ಒಂದು ಪಾತ್ರೆ. ಪ್ರೋಟೀನ್‌ಗೆ ಏನು ಮಾಡಲಿ?

ಡಯಟಿಷಿಯನ್: ದಿನಾ ಎರಡು ಮೊಟ್ಟೆ, ಒಂದು ಹಿಡಿ ಕಡಲೆಕಾಯಿ ಬೀಜ. ಅನ್ನದ ಜೊತೆಗೇ ಹೆಸರುಬೇಳೆ, ಒಂದು ಕ್ಯಾರೆಟ್ ಹಾಕಿ ಬೇಯಿಸಿ. ಒಂದೇ ಪಾತ್ರೆ ಸಾಕು. ಪ್ರೋಟೀನ್ ಪೌಡರ್ ಬೇಡ.

ಸಾತ್ವಿಕ ಅಡುಗೆ: ಮೊಟ್ಟೆ ಬದಲು ಬೇರೆ ಏನಾದರೂ ಹೇಳಬಹುದಿತ್ತು. ಈ ಗುಂಪಿನಲ್ಲಿ ಎಲ್ಲ ಥರದವರೂ ಇದ್ದೇವೆ.

ಧಾರವಾಡ ರೊಟ್ಟಿ: ಕೇಳಿದವರು ತಿಂತಾರೆ ಬಿಡ್ರಿ. ನಿಮ್ಮ ತಾಟಿಗೆ ಯಾರು ಹಾಕ್ಯಾರ?

ಸಾತ್ವಿಕ ಅಡುಗೆ: ನಾನು ಮೇಡಂಗೆ ಹೇಳಿದ್ದು.

ಶುಭೋದಯ ಅಂಕಲ್: *ಎಲ್ಲರಿಗೂ ಕಳಿಸಿ* ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಅಕ್ಕಿ ಬೆರೆಸಿದ್ದಾರೆ. ನೀರಿಗೆ ಹಾಕಿದರೆ ತೇಲುತ್ತದೆ. ಆರಿಸಿ ಬಿಸಾಡಿ. ನಿಮ್ಮ ಮಕ್ಕಳನ್ನು ಉಳಿಸಿ.

ಡಯಟಿಷಿಯನ್: ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಅಕ್ಕಿಯ ಆಕಾರ ಕೊಟ್ಟ ಕಾಳು. ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ಬಣ್ಣ ಸ್ವಲ್ಪ ಬೇರೆ ಇರಬಹುದು, ಕೆಲವು ತೇಲಲೂಬಹುದು. ಥಲಸ್ಸೀಮಿಯಾ (ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಇರುವವರು ಮಾತ್ರ ಡಾಕ್ಟರನ್ನು ಕೇಳಿ. ಉಳಿದವರು ಸುಮ್ನೆ ಬೇಯಿಸಿ ಉಣ್ಣಿ. ರಕ್ತ ಕಮ್ಮಿ ಇರುವ ಹೆಂಗಸರು ಕೂತು ಆ ಕಾಳನ್ನೇ ಆರಿಸಿ ಎಸೆಯುವುದನ್ನು ಕಣ್ಣಾರೆ ನೋಡಿದ್ದೇನೆ. ಈ ಫಾರ್ವರ್ಡ್ ದಯವಿಟ್ಟು ಅಳಿಸಿ.

ಹಾಸನ ಅಕ್ಕ: ಅಡುಗೆಗೆ ಯಾವ ಎಣ್ಣೆ ಒಳ್ಳೇದು ಮೇಡಂ?

ಡಯಟಿಷಿಯನ್: ಯಾವುದಾದರೂ ಸರಿ, ಬದಲಾಯಿಸುತ್ತಿರಿ. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಹತ್ತಿರ ಸಾಕು.

ನವಣೆ ಪ್ರೇಮಿ: ನವಣೆ, ಸಾಮೆ ಅಕ್ಕಿಗಿಂತ ದುಬಾರಿ. ಬಡವರು ತಿನ್ನುತ್ತಿದ್ದ ಧಾನ್ಯ ಈಗ ಸಾಹುಕಾರರ ಪಾಲಾಯಿತು. ಕಮ್ಮಿ ರೇಟಿಗೆ ಎಲ್ಲಿ ಸಿಗುತ್ತೆ?

ಗಾರ್ಮೆಂಟ್ಸ್ ಅಮ್ಮ: ಮೇಡಂ, ಮಗಳಿಗೆ 9 ತಿಂಗಳು. ಹುಟ್ಟಿದಾಗ 2.6 ಕೆಜಿ, ಈಗ 6.1. ಎರಡು ತಿಂಗಳಿಂದ ತೂಕ ಏರೇ ಇಲ್ಲ. ನಾನು 8ಕ್ಕೆ ಕೆಲಸಕ್ಕೆ ಹೋದರೆ ಬರೋದು 7ಕ್ಕೆ. ಅತ್ತೆ ನೋಡ್ಕೋತಾರೆ. ಬಾಟಲಿಯಲ್ಲಿ ಮೂರು ಸಲ ರಾಗಿ ಗಂಜಿ, ಹೊಟ್ಟೆ ತುಂಬಾ ಕುಡಿತಾಳೆ. ಮಧ್ಯೆ ಟೀಯಲ್ಲಿ ಅದ್ದಿದ ಬಿಸ್ಕತ್ತು. ರಾತ್ರಿ ನನ್ನ ಹಾಲು. 700 ರೂಪಾಯಿ ಒಳಗೆ ಯಾವ ಡಬ್ಬಿ ಪುಡಿ ತರಲಿ?

ಡಯಟಿಷಿಯನ್: ಉಳಿದವರು ಸ್ವಲ್ಪ ಕಾಯಿರಿ. ಅಮ್ಮ, ಎರಡು ವಿಷಯ ಹೇಳಿ. ಪಾದದ ಮೇಲೆ ಬೆರಳಿಟ್ಟು ಒತ್ತಿದರೆ ಗುಳಿ ಬೀಳುತ್ತಾ? ಒಂದು ಬಾಟಲಿ ಗಂಜಿಗೆ ಹಿಟ್ಟು ಎಷ್ಟು ಹಾಕ್ತೀರಿ?

ಗಾರ್ಮೆಂಟ್ಸ್ ಅಮ್ಮ: ಗುಳಿ ಇಲ್ಲ ಮೇಡಂ. ಜ್ವರ ಭೇದಿ ಏನೂ ಇಲ್ಲ, ಆಡ್ತಾಳೆ. ಹಿಟ್ಟು ಎರಡು ಟೀ ಚಮಚ. ಜಾಸ್ತಿ ಹಾಕಿದ್ರೆ ನಿಪ್ಪಲ್‌ನಲ್ಲಿ ಇಳಿಯಲ್ಲ.

ಶುಭೋದಯ ಅಂಕಲ್: ಮಗುವಿಗೆ ಬಜೆ ತೇದು ಜೇನುತುಪ್ಪದಲ್ಲಿ ನೆಕ್ಕಿಸಿ ಅಮ್ಮ. ಹಸಿವು ಆಗುತ್ತದೆ. ನಮ್ಮ ಅಜ್ಜಿ ಹನ್ನೊಂದು ಮಕ್ಕಳನ್ನು ಸಾಕಿದ್ದು ಹಾಗೇ.

ಡಯಟಿಷಿಯನ್: ಬೇಡ. ಒಂದು ವರ್ಷ ತುಂಬದ ಮಗುವಿಗೆ ಜೇನು ಒಂದು ಹನಿಯೂ ಬೇಡ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆ ಕರುಳಿನಲ್ಲಿ ವಿಷ ಮಾಡುತ್ತೆ. ಮಗುವಿನ ಕೈಕಾಲು ಸೋತು ಬಿಡುತ್ತೆ, ಉಸಿರಿಗೂ ತೊಂದರೆ ಆಗುತ್ತೆ. ಅಂಕಲ್, ಮಗುವಿನ ವಿಷಯದಲ್ಲಿ ದಯವಿಟ್ಟು ಸುಮ್ಮನಿರಿ.

ಅಮ್ಮ, ಈಗ ನೀವು ಓದಿ. ಹೆಣ್ಣು ಮಗು 9 ತಿಂಗಳಿಗೆ ಸಾಮಾನ್ಯವಾಗಿ 8 ಕೆಜಿ ಆಸುಪಾಸು ಇರುತ್ತೆ. 6.5ಕ್ಕಿಂತ ಕೆಳಗಿದ್ದರೆ ಕಮ್ಮಿ ತೂಕ. ಇದನ್ನು ಬಿಡುವಂತಿಲ್ಲ. ಆದರೆ ಡಬ್ಬಿ ತರಬೇಡಿ, ತೊಂದರೆ ಇರೋದು ಬಾಟಲಿಯಲ್ಲಿ. ನಿಪ್ಪಲ್ ತೂತಿನ ಅಳತೆಗೆ ಗಂಜಿ ಕಾಯಿಸ್ತಿದ್ದೀರಿ. ಎರಡು ಟೀ ಚಮಚ ಹಿಟ್ಟು ಅಂದರೆ 6 ಗ್ರಾಂ, ಅಂದರೆ 20 ಕ್ಯಾಲರಿ. ಮೂರು ಬಾಟಲಿಗೆ 60. ಈ ವಯಸ್ಸಿಗೆ ಎದೆಹಾಲು ಬಿಟ್ಟು ಊಟದಿಂದಲೇ 300 ಹತ್ತಿರ ಬೇಕು. ಹೊಟ್ಟೆ ತುಂಬುತ್ತಿರುವುದು ನೀರಿನಿಂದ. ಅದಕ್ಕೇ ಅವಳು ಅಳುವುದಿಲ್ಲ, ಬೆಳೆಯುವುದೂ ಇಲ್ಲ.

ನಾಳೆಯಿಂದ ಬಾಟಲಿ ಬೇಡ. ಬಟ್ಟಲು, ಚಮಚ. ಮನೆಯಲ್ಲಿ ಒಳಲೆ (ಮಗುವಿಗೆ ಹಾಲು ಕುಡಿಸುವ ಮೂತಿ ಇರುವ ಪುಟ್ಟ ಪಾತ್ರೆ) ಇದ್ದರೂ ಗಂಜಿಗೆ ತೆಗೆಯಬೇಡಿ, ಅದೂ ನೀರಾಗಿರುವುದಕ್ಕೇ. ಗಂಜಿ ಚಮಚ ಓರೆ ಮಾಡಿದರೆ ಬೀಳದೆ ನಿಲ್ಲಬೇಕು. ದಿನಕ್ಕೆ ಮೂರರಿಂದ ನಾಲ್ಕು ಸಲ, ಸಲಕ್ಕೆ ಅರ್ಧ ಬಟ್ಟಲು. ಪ್ರತಿ ಸಲ ಒಂದು ಚಮಚ ಎಣ್ಣೆ ಅಥವಾ ತುಪ್ಪ ಕಲಸಿ. ಮಧ್ಯಾಹ್ನ ನಿಮ್ಮ ಮನೆಯ ಅನ್ನ, ಬೇಳೆ, ಒಂದು ಹಿಡಿ ನುಗ್ಗೆ ಸೊಪ್ಪು ಮೆತ್ತಗೆ ಬೇಯಿಸಿ, ಖಾರ ಉಪ್ಪು ಹಾಕುವ ಮೊದಲೇ ತೆಗೆದು ಹಿಸುಕಿ. ಮೊಟ್ಟೆ ತಿನ್ನುವ ಮನೆಯಾದರೆ ದಿನಾ ಅರ್ಧ, ಗಟ್ಟಿಯಾಗಿ ಬೇಯಿಸಿದ್ದು. ಬಾಳೆಹಣ್ಣು ಕೊಡಿ. ಟೀ ನಿಲ್ಲಿಸಿ, ಅದು ಊಟದ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ.

ಗಟ್ಟಿ ಗಂಜಿ ನುಂಗಲ್ಲ ಅಂತ ಅತ್ತೆ ಹೇಳಬಹುದು. ಅದಕ್ಕೆ ನಮ್ಮ ಹಳ್ಳಿಗಳ ಹಳೇ ಉಪಾಯವೇ ಇದೆ, ಮೊಳಕೆ ರಾಗಿ. ರಾಗಿ ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒಂದೆರಡು ದಿನ ಕಟ್ಟಿಡಿ. ಮೊಳಕೆ ಬಂದ ಮೇಲೆ ಚೆನ್ನಾಗಿ ಒಣಗಿಸಿ, ಉಜ್ಜಿ ಬೇರು ಉದುರಿಸಿ, ಹುರಿಯದೆ ಹಿಟ್ಟು ಮಾಡಿಸಿ. ಮಾಮೂಲಿ ಹಿಟ್ಟಿನಲ್ಲಿ ಗಟ್ಟಿಯಾಗಿ ಗಂಜಿ ಬೇಯಿಸಿ. ಬೆರಳು ತಾಳುವಷ್ಟು ಆರಿದ ಮೇಲೆ ಈ ಮೊಳಕೆ ಹಿಟ್ಟು ಒಂದು ಚಮಚ ಕಲಸಿ ಬಿಡಿ. ಮೊಳಕೆಯಲ್ಲಿರುವ ಕಿಣ್ವ ಪಿಷ್ಟವನ್ನು ಒಡೆಯುತ್ತೆ. ಕೆಲವೇ ನಿಮಿಷದಲ್ಲಿ ಗಂಜಿ ಕಣ್ಣೆದುರೇ ಸಡಿಲವಾಗುತ್ತೆ. ಆಮೇಲೆ ಮತ್ತೊಂದು ಕುದಿ ಕೊಡಿ, ಅದು ಮರೆಯಬಾರದು. ನೀರು ಸೇರಿಸದೆ ತೆಳುವಾದ ಗಂಜಿ ಇದು. ಹಿಟ್ಟೆಲ್ಲ ಒಳಗೇ ಇರುತ್ತೆ, ನುಂಗುವುದೂ ಸುಲಭ. ನನಗೆ ಇದನ್ನು ಕಲಿಸಿದ್ದು ಕಾಲೇಜಲ್ಲ, ಒಬ್ಬ ಅಂಗನವಾಡಿ ಕಾರ್ಯಕರ್ತೆ.

ನಾಳೆಯೇ ಅತ್ತೆಯನ್ನು ಅಂಗನವಾಡಿಗೆ ಕಳಿಸಿ. ಮಗುವಿನ ತೋಳಿನ ಸುತ್ತಳತೆ ಪಟ್ಟಿ ಹಾಕಿ ನೋಡುತ್ತಾರೆ. 11.5 ಸೆಂಟಿಮೀಟರ್‌ಗಿಂತ ಕಮ್ಮಿ ಬಂದರೆ, ಅಥವಾ ಕಾಲು ಊದಿದರೆ, ಮನೆ ಮದ್ದು ಬೇಡ, ಅದೇ ದಿನ ಆಸ್ಪತ್ರೆ. 6 ತಿಂಗಳಿಂದ 3 ವರ್ಷದ ಮಕ್ಕಳಿಗೆ ಅಲ್ಲಿ ಮನೆಗೆ ಆಹಾರ ಕೊಡುತ್ತಾರೆ, ಅದು ನಿಮ್ಮ ಹಕ್ಕು. ಅಳತೆ ಎಷ್ಟೇ ಬರಲಿ, ಈ ವಾರ ಒಮ್ಮೆ ಡಾಕ್ಟರಿಗೂ ತೋರಿಸಿ.

ಮೈಸೂರು ಮನೆ: ತುಂಬಾ ಚೆನ್ನಾಗಿ ಹೇಳಿದ್ರಿ ಮೇಡಂ. ಕಣ್ಣಲ್ಲಿ ನೀರು ಬಂತು.

ಸಾತ್ವಿಕ ಅಡುಗೆ: ಮಗುವಿಗೂ ಮೊಟ್ಟೆಯೇ?

ಧಾರವಾಡ ರೊಟ್ಟಿ: ಮೊಟ್ಟೆ ತಿನ್ನೋ ಮನಿ ಆದ್ರೆ ಅಂತ ಬರ್ದಾರ್ರೀ. ಕನ್ನಡಕ ಹಾಕ್ಕೊಂಡು ಓದ್ರಿ.

ಸಾತ್ವಿಕ ಅಡುಗೆ: ಮಾತಿನ ಮೇಲೆ ಹಿಡಿತ ಇರಲಿ. ಅಡ್ಮಿನ್ ಏನು ಮಾಡ್ತಿದ್ದೀರಿ?

ಪೀಜಿ ರೂಮ್ 12: ನನ್ನ ಎರಡು ಮೊಟ್ಟೆಯಿಂದ ಇಷ್ಟೆಲ್ಲಾ ಆಯ್ತಾ, ಸಾರಿ.

ಅಡ್ಮಿನ್: ಎಲ್ಲರೂ ವಿಷಯಕ್ಕೆ ಬನ್ನಿ.

ತುಮಕೂರು ರಾಗಿ: ಮೇಡಂ, ನಮ್ಮ ತಂದೆಗೆ ಶುಗರ್. ಮುದ್ದೆ ತಿಂದರೆ ಶುಗರ್ ಏರಲ್ಲ ಅಂತ ಎರಡು ಹೊತ್ತೂ ಎರಡೆರಡು ಮುದ್ದೆ ಉಣ್ತಾರೆ. ಸರಿಯಾ?

ಡಯಟಿಷಿಯನ್: ಏರುತ್ತೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 60 ಗ್ರಾಂಗೂ ಹೆಚ್ಚು ಪಿಷ್ಟವೇ. ರಾಗಿಯಲ್ಲಿ ಸುಣ್ಣದ ಅಂಶ ಚೆನ್ನಾಗಿದೆ, ನಾರೂ ಇದೆ, ಅದಕ್ಕೇ ಒಳ್ಳೇದು. ಅದು ಔಷಧಿ ಅಲ್ಲ. ಒಂದು ಮುದ್ದೆ ಸಾಕು, ಸೊಪ್ಪು ಕಾಳಿನ ಸಾರು ಜಾಸ್ತಿ ಹಾಕಿ.

ತುಮಕೂರು ರಾಗಿ: ನಮ್ಮ ಕಡೆ ಹಿರಿಯರು ನಾಲ್ಕು ಮುದ್ದೆ ತಿಂದು 90 ವರ್ಷ ಬದುಕಿದ್ದಾರೆ.

ಧಾರವಾಡ ರೊಟ್ಟಿ: ಅವರು ಹೊಲಾ ಹೊಡದು ತಿಂದ್ರು. ನಿಮ್ಮಪ್ಪಾರು ಟೀವಿ ಮುಂದ ಕುಂತು ತಿಂತಾರ. ಜೋಳದ ರೊಟ್ಟಿ ಮಾಡಿ ಹಾಕ್ರಿ.

ತುಮಕೂರು ರಾಗಿ: ನಮ್ಮಪ್ಪನ ವಿಷಯ ನಿಮಗ್ಯಾಕೆ?

ಡಯಟಿಷಿಯನ್: ಜೋಳದಲ್ಲೂ ಪಿಷ್ಟವೇ. ಇಬ್ಬರೂ ನಿಲ್ಲಿಸಿ.

ಹೊಸ ಸೊಸೆ: ಮೇಡಂ ಯಾವ ಎಣ್ಣೆ ಬಳಸಬೇಕು?

ಡಯಟಿಷಿಯನ್: ಮೇಲೆ ಹೇಳಿದ್ದೇನೆ.

ಶುಭೋದಯ ಅಂಕಲ್: 21 ದಿನ ಮೆಂತ್ಯ ನೀರು ಕುಡಿದರೆ ಶುಗರ್ ಮಾತ್ರೆ ಬಿಸಾಡಬಹುದು. *ಪರೀಕ್ಷಿಸಿ ನೋಡಿದ್ದು*

ಡಯಟಿಷಿಯನ್: ಯಾರ ಮೇಲೆ ಪರೀಕ್ಷಿಸಿದ್ದು? ಹೀಗೆ ಮಾತ್ರೆ ಬಿಟ್ಟು ಶುಗರ್ 400 ದಾಟಿಸಿಕೊಂಡು ಪ್ರಜ್ಞೆ ತಪ್ಪಿ ಬಂದವರು ನಮ್ಮ ವಾರ್ಡಿನಲ್ಲಿ ಎಷ್ಟೋ ಜನ ಮಲಗಿದ್ದಾರೆ. ಮೆಂತ್ಯ ಬೇಕಾದರೆ ತಿನ್ನಿ. ಮಾತ್ರೆ ಬಿಡಬೇಡಿ. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಹೊರಡುತ್ತೇನೆ.

ಶುಭೋದಯ ಅಂಕಲ್: ಒಳ್ಳೇದಕ್ಕೆ ಹೇಳಿದರೆ ಇಷ್ಟು ಕೋಪ ಯಾಕಮ್ಮಾ?

ನವಣೆ ಪ್ರೇಮಿ: ನನ್ನ ಪ್ರಶ್ನೆ ಹಾಗೇ ಉಳಿದಿದೆ.

ಹಾಸನ ಅಕ್ಕ: ಗಾಣದ ಎಣ್ಣೆ ಆದರೆ ಎಷ್ಟು ಬೇಕಾದರೂ ಬಳಸಬಹುದು ಅಲ್ವಾ?

ಡಯಟಿಷಿಯನ್: ಇಲ್ಲ.

ಅಡ್ಮಿನ್: 10 ಆಯಿತು. ಮೇಡಂಗೆ ಧನ್ಯವಾದ. ಇಬ್ಬರನ್ನು ಒಂದು ವಾರ ಮ್ಯೂಟ್ ಮಾಡಿದ್ದೇನೆ. ಯಾರು ಅಂತ ಅವರಿಗೇ ಗೊತ್ತು.

(ಮರುದಿನ)

ಗಾರ್ಮೆಂಟ್ಸ್ ಅಮ್ಮ: ಮೇಡಂ, ಅಂಗನವಾಡಿಯಲ್ಲಿ ನೋಡಿದ್ರು. ತೋಳು 12. ಪಟ್ಟಿಯಲ್ಲಿ ಹಳದಿ ಬಂತು. ಬೆಳಿಗ್ಗೆ ಗಟ್ಟಿ ಗಂಜಿ ಕೊಟ್ಟೆ, ಅರ್ಧ ಉಗುಳಿದಳು. ಅತ್ತೆ ಬಾಟಲಿ ಬಚ್ಚಿಟ್ಟಿದ್ದಾರೆ, ನಾನು ಹೋದ ಮೇಲೆ ಕೊಡ್ತಾರೆ ಅಂತ ಭಯ.

ಡಯಟಿಷಿಯನ್: ಹಳದಿ ಅಂದರೆ ಕೆಂಪಿಗೆ ಇನ್ನೂ ಹೋಗಿಲ್ಲ. ಉಗುಳಲಿ, ಚಮಚ ಹೊಸದು ಅವಳಿಗೆ. ನಾಲ್ಕೈದು ದಿನದಲ್ಲಿ ಕಲಿಯುತ್ತಾಳೆ. ಡಾಕ್ಟರ ಹತ್ತಿರ ಹೋಗುವಾಗ ಅತ್ತೆಯನ್ನೂ ಕರ್ಕೊಂಡು ಹೋಗಿ, ತಕ್ಕಡಿ ಅವರೇ ನೋಡಲಿ. ಸಂಜೆ 7ರ ಮೇಲೆ ಫೋನ್‌ಗೆ ಸಿಗ್ತೀನಿ, ಅಡ್ಮಿನ್ ಹತ್ತಿರ ನಂಬರ್ ತಗೊಳ್ಳಿ. ನಂಬರ್ ನಿಮಗೆ ಮಾತ್ರ.