ಐದು ವಾರದ ಹಿಂದೆ ತಂದ ಮುಧೋಳ ನಾಯಿ ತಟ್ಟೆ ಹತ್ತಿರ ಹೋದರೆ ಗುರ್ ಅನ್ನುತ್ತದೆ. ಇಟ್ಟುಕೊಳ್ಳಬೇಕಾ, ವಾಪಸ್ ಕೊಡಬೇಕಾ?

ಮಾಳಮಡ್ಡಿ ಮನೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ. ನಾವು ಇರುವುದು ಧಾರವಾಡದಲ್ಲಿ. ಮನೆಯಲ್ಲಿ ನಾನು, ನಮ್ಮವರು, ಅತ್ತೆ, ಏಳು ವರ್ಷದ ಮಗಳು. ಐದು ವಾರದ ಹಿಂದೆ ಅನಾಥ ಪ್ರಾಣಿಗಳನ್ನು ನೋಡಿಕೊಳ್ಳುವ ಒಂದು ಕಡೆಯಿಂದ ಗಂಡು ಮುಧೋಳ ನಾಯಿ ತಂದೆವು. ಹಲ್ಲು ನೋಡಿ ಮೂರು ವರ್ಷ ಇರಬಹುದು ಅಂದಿದ್ದಾರೆ. ಯಾವುದೋ ಹೊಲದ ಮನೆಯಲ್ಲಿ ಹಗಲೂ ರಾತ್ರಿ ಸರಪಳಿಯಲ್ಲಿ ಕಟ್ಟಿದ್ದರಂತೆ, ಆಮೇಲೆ ಮನೆ ಖಾಲಿ ಮಾಡಿಕೊಂಡು ಹೋಗುವಾಗ ಅವನನ್ನು ಹಾಗೇ ಬಿಟ್ಟು ಹೋದರಂತೆ. ಕೊರಳ ಸುತ್ತ ಈಗಲೂ ಕೂದಲಿಲ್ಲ. ನಿಂತರೆ ನನ್ನ ಸೊಂಟದ ಹತ್ತಿರ ಬರುತ್ತಾನೆ, ತೂಕ ಮಾತ್ರ 21 ಕೆಜಿ. ಮಗಳು ಚಿಗರಿ ಅಂತ ಹೆಸರಿಟ್ಟಿದ್ದಾಳೆ.

ತೊಂದರೆ ಏನೆಂದರೆ, ಊಟದ ತಟ್ಟೆ ಹತ್ತಿರ ಯಾರು ಹೋದರೂ ಮೈ ಬಿಗಿ ಮಾಡಿ ಗುರ್ ಅನ್ನುತ್ತಾನೆ. ಅವನು ಮಲಗುವ ಗೋಣಿಚೀಲದ ಹತ್ತಿರ ಹೋದರೂ ಅಷ್ಟೇ. ಹೋದ ವಾರ ನಮ್ಮವರು ತಟ್ಟೆ ತೆಗೆಯಲು ಕೈ ಹಾಕಿದರು, ಹಲ್ಲು ತಾಗಿ ಮುಂಗೈ ಚರ್ಮ ಕಿತ್ತಿತು. ಚಿಗರಿಗೆ ರೇಬಿಸ್ ಲಸಿಕೆ ಆಗಿದೆ, ಆದರೂ ಇವರು ಇಂಜೆಕ್ಷನ್ ಶುರು ಮಾಡಿದ್ದಾರೆ. ಕೈಯಲ್ಲಿ ಕೋಲು, ಛತ್ರಿ, ಸುತ್ತಿದ ಪೇಪರ್ ಏನೇ ಇದ್ದರೂ ಗಂಡಸರನ್ನು ಕಂಡರೆ ಮೊದಲು ಮುದುಡಿಕೊಳ್ಳುತ್ತಾನೆ, ಆಮೇಲೆ ಜೋರಾಗಿ ಬೊಗಳುತ್ತಾನೆ. ಒಂದು ದಿನ ಬೆಕ್ಕು ಕಂಡಿತು ಅಂತ ಕೊರಳಪಟ್ಟಿಯಿಂದ ತಲೆ ಹೊರಗೆಳೆದು ಓಡಿದ. ಸಿಗುವಷ್ಟರಲ್ಲಿ ಎರಡು ತಾಸು ಆಗಿತ್ತು, ನನ್ನ ಜೀವ ಬಾಯಿಗೆ ಬಂದಿತ್ತು.

ಇಷ್ಟೆಲ್ಲ ಆದರೂ, ಅತ್ತೆ ಜೋಳ ಹಸನು ಮಾಡುತ್ತಾ ಕೂತರೆ ಸದ್ದಿಲ್ಲದೆ ಬಂದು ಅವರ ಪಾದದ ಮೇಲೆ ತಲೆ ಇಟ್ಟು ಮಲಗುವ ನಾಯಿಯೂ ಇವನೇ. ಅತ್ತೆ ಕಾಲು ಜೋಮು ಹಿಡಿದರೂ ಅಲುಗಾಡುವುದಿಲ್ಲ. ಮಗಳ ಮೇಲೆ ಇಲ್ಲಿವರೆಗೆ ಒಮ್ಮೆಯೂ ಗುರ್ ಅಂದಿಲ್ಲ, ಆದರೆ ಅವಳನ್ನು ತಟ್ಟೆ ಹತ್ತಿರ ಬಿಟ್ಟೂ ಇಲ್ಲ. ನಮ್ಮವರು "ನಾಯಿಗೆ ಯಜಮಾನ ಯಾರು ಅಂತ ತೋರಿಸಬೇಕು" ಅನ್ನುತ್ತಾರೆ. ನನಗೆ ಅದು ಸರಿ ಕಾಣುತ್ತಿಲ್ಲ. ಇಂಥ ನಾಯಿ ಸಾಕಿದವರು ಇದ್ದರೆ ಹೇಳಿ. ಮಗು ಇರುವ ಮನೆಯಲ್ಲಿ ಇವನನ್ನು ಇಟ್ಟುಕೊಳ್ಳಬಹುದಾ?

ಜಮಖಂಡಿ ಹುಡುಗ:

ಅಕ್ಕಾರೆ, ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಇದೇ ನಾಯಿ. ಮೊದಲು ಒಂದು ಮಾತು. ನೀವು ಹೇಳಿದ್ದರಲ್ಲಿ ಅರ್ಧ ಚಿಗರಿಯ ಹೆದರಿಕೆ, ಇನ್ನರ್ಧ ಮುಧೋಳ ನಾಯಿಯ ಹುಟ್ಟುಗುಣ. ಎರಡನ್ನೂ ಬೇರೆ ಬೇರೆ ನೋಡಿ.

ಇದು ವಾಸನೆ ಹಿಡಿದು ಹೋಗುವ ನಾಯಿ ಅಲ್ಲ, ಕಣ್ಣಿಗೆ ಕಂಡದ್ದನ್ನು ಓಡಿಸಿಕೊಂಡು ಹೋಗುವ ನಾಯಿ. ಬಯಲುಸೀಮೆಯಲ್ಲಿ ಮೊಲದ ಹಿಂದೆ ಬಿಡಲು ಬೆಳೆಸಿದ ತಳಿ. ಬೇಟೆ ಈಗ ಅಪರಾಧ, ಆದರೆ ರಕ್ತದಲ್ಲಿರುವ ಓಟ ಎಲ್ಲಿಗೆ ಹೋಗುತ್ತದೆ? ಬೆಕ್ಕು, ಕೋಳಿ, ಅಳಿಲು, ಗಾಳಿಗೆ ಹಾರುವ ಪ್ಲಾಸ್ಟಿಕ್ ಚೀಲ, ಓಡುವುದು ಏನೇ ಇದ್ದರೂ ಅವನ ಕಣ್ಣಿಗೆ ಬೇಟೆಯೇ. ಆ ಹೊತ್ತಿನಲ್ಲಿ ನೀವು ಕೂಗಿದ್ದು ಅವನ ಕಿವಿಗೆ ಬೀಳುವುದಿಲ್ಲ, ಬೇಕಂತ ಮಾಡುವುದಲ್ಲ ಅದು. ಅದಕ್ಕೆ ನಾಲ್ಕೂ ಕಡೆ ಕಾಂಪೌಂಡ್ ಇಲ್ಲದ ಜಾಗದಲ್ಲಿ ಯಾವತ್ತೂ ಹಗ್ಗ ಬಿಚ್ಚಬೇಡಿ. ಎಷ್ಟೇ ಪಳಗಿದರೂ ಬಿಚ್ಚಬೇಡಿ.

ತಲೆ ಹೊರಗೆ ಬಂದದ್ದು ಸಹಜ. ಈ ನಾಯಿಯ ತಲೆ ಕೊರಳಿಗಿಂತ ಸಣ್ಣ, ಸಾದಾ ಪಟ್ಟಿ ನಿಲ್ಲುವುದಿಲ್ಲ. ಎಳೆದಾಗ ಸ್ವಲ್ಪ ಬಿಗಿಯಾಗಿ ಅಷ್ಟಕ್ಕೇ ನಿಲ್ಲುವ ಅಗಲ ಪಟ್ಟಿ ಸಿಗುತ್ತದೆ, ಮಾರ್ಟಿಂಗೇಲ್ ಕಾಲರ್ ಅಂತ ಕೇಳಿ. ಅದರ ಜೊತೆ ಎದೆಗೆ ಹಾಕುವ ಹಾರ್ನೆಸ್ ಒಂದು. ಎರಡಕ್ಕೂ ಹಗ್ಗ ಸಿಕ್ಕಿಸಿ ಹಿಡಿದುಕೊಳ್ಳಿ. ಉದ್ದ ಹಗ್ಗ ಕಟ್ಟುವುದಾದರೆ ಹಾರ್ನೆಸ್ಸಿಗೇ ಕಟ್ಟಿ, ಕೊರಳಿಗೆ ಮಾತ್ರ ಬೇಡ. ಓಟದ ವೇಗಕ್ಕೆ ಹಗ್ಗ ಜಗ್ಗಿದರೆ ಕುತ್ತಿಗೆಗೆ ಪೆಟ್ಟಾಗುತ್ತದೆ.

ಇನ್ನೊಂದು ಗುಣ, ಹೊಸಬರು ಮೈ ಮುಟ್ಟುವುದು ಇವಕ್ಕೆ ಹಿಡಿಸುವುದಿಲ್ಲ. ಮನೆಯವರ ಜೊತೆ ಬೆಣ್ಣೆ, ಹೊರಗಿನವರ ಜೊತೆ ದೂರ. ಬಂದ ನೆಂಟರಿಗೆಲ್ಲ ತಲೆ ಸವರಲು ಕೊಡಬೇಡಿ.

2005ರಲ್ಲಿ ಇದರ ಚಿತ್ರ ಅಂಚೆ ಚೀಟಿಯ ಮೇಲೆ ಬಂತು, 2020ರಲ್ಲಿ ಪ್ರಧಾನಿ ರೇಡಿಯೋದಲ್ಲಿ ಹೊಗಳಿದರು. ನಮಗೆಲ್ಲ ಹೆಮ್ಮೆ ಆಯಿತು. ಆದರೆ ಆಮೇಲೆ ನಮ್ಮ ಕಡೆ ಮರಿ ಕೇಳಿಕೊಂಡು ಬರುವವರು ಜಾಸ್ತಿ ಆದರು, ಒಯ್ದವರಲ್ಲಿ ಕೆಲವರು ಓಡಿಸಲು ಜಾಗ ಇಲ್ಲದೆ ಗೇಟಿಗೆ ಕಟ್ಟಿ ಹಾಕಿದರು. ಓಡಲು ಹುಟ್ಟಿದ ನಾಯಿಯನ್ನು ಮೂರು ವರ್ಷ ನಾಲ್ಕು ಅಡಿ ಸರಪಳಿಯಲ್ಲಿ ಇಟ್ಟರೆ ಅದರ ಗತಿ ಏನು? ನನಗೆ ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾನೂನಿನ ಪ್ರಕಾರ ಹಾಗೆ ಸದಾ ಕಟ್ಟಿ ಹಾಕುವುದೂ ಅಪರಾಧ, ಬಿಟ್ಟು ಹೋಗುವುದೂ ಅಪರಾಧ. ಆದರೆ ಮೊದಲ ಸಲದ ತಪ್ಪಿಗೆ ಅದು ಹೇಳುವ ದಂಡ 10ರಿಂದ 50 ರೂಪಾಯಿ. ಯಾರು ಹೆದರುತ್ತಾರೆ?

ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಕೇಂದ್ರ ಇದೆ. ತಳಿಯ ಬಗ್ಗೆ, ಆಹಾರದ ಬಗ್ಗೆ ಅಲ್ಲಿ ಕೇಳಬಹುದು.

ಶಿರಸಿ ಪಶುವೈದ್ಯೆ:

ಮೊದಲು ನಿಮ್ಮವರ ಕೈ. ಮನೆಯ ನಾಯಿ ಅಂತ ಸುಮ್ನೆ ಬಿಡದೆ ಇಂಜೆಕ್ಷನ್ ಶುರು ಮಾಡಿದ್ದು ಒಳ್ಳೆಯದಾಯಿತು. ಮಾಂಸಖಂಡಕ್ಕೆ ಕೊಡುವ ಲಸಿಕೆ ಆದರೆ 0 (ಅಂದರೆ ಮೊದಲ ಇಂಜೆಕ್ಷನ್ ದಿನ), 3, 7, 14, 28ನೇ ದಿನ, ಡಾಕ್ಟರು ನಿಲ್ಲಿಸಿ ಅನ್ನುವವರೆಗೆ ಒಂದನ್ನೂ ತಪ್ಪಿಸಬಾರದು. ಮುಂದೆ ಎಂದಾದರೂ ಹಲ್ಲು ತಾಗಿದರೆ ಕೂಡಲೇ ಸೋಪು ಹಾಕಿ ನಲ್ಲಿ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದೂ ಬೇಡ.

ಇನ್ನು ಚಿಗರಿ. ಯಾರಾದರೂ ಅವನ ರಕ್ತ ಪರೀಕ್ಷೆ ಮಾಡಿದ್ದಾರಾ? ತೂಕ ಕಡಿಮೆ ಇದೆ, ಹೊಲದಲ್ಲಿ ಇದ್ದ ನಾಯಿ, ಉಣ್ಣಿ ಕಚ್ಚಿರದೆ ಇರಲಾರದು. ಉಣ್ಣಿಯಿಂದ ಬರುವ ಜ್ವರ ಕೆಲವು ನಾಯಿಗಳಲ್ಲಿ ತಿಂಗಳುಗಟ್ಟಲೆ ಒಳಗೇ ಇರುತ್ತದೆ, ಮೈಕೈ ನೋವು ಬರುತ್ತದೆ. ನೋವಿರುವ ನಾಯಿ ಮುಟ್ಟಿಸಿಕೊಳ್ಳುವುದಿಲ್ಲ. ಹಲ್ಲು, ಕಿವಿ, ಸೊಂಟ ಎಲ್ಲವನ್ನೂ ನೋಡಿಸಿ. ಬುದ್ಧಿ ಕಲಿಸುವ ಮೊದಲು ಮೈ ಸರಿ ಇದೆಯಾ ಅಂತ ಗೊತ್ತಾಗಬೇಕು. ಅರಿವಳಿಕೆ ಕೊಡಬೇಕಾಗಿ ಬಂದರೆ ಇದು ಓಟದ ತಳಿ ಅಂತ ವೈದ್ಯರಿಗೆ ಮೊದಲೇ ಹೇಳಿ. ಮೈಯಲ್ಲಿ ಕೊಬ್ಬು ಕಡಿಮೆ, ಥಯೋಪೆಂಟಾಲ್‌ನಂಥ ಔಷಧಿಯ ಅಮಲು ಇವುಗಳಲ್ಲಿ ತಡವಾಗಿ ಇಳಿಯುತ್ತದೆ.

ತಟ್ಟೆಯ ವಿಷಯ ಬಿಡಿಸಿ ಹೇಳುತ್ತೇನೆ, ಏಕೆಂದರೆ ಜಾಸ್ತಿ ತಪ್ಪು ಆಗುವುದು ಅಲ್ಲೇ. ಸರಪಳಿಯಲ್ಲಿ ಇದ್ದಾಗ ಅವನ ತಟ್ಟೆಯನ್ನು ಬೇರೆ ನಾಯಿ, ಹಂದಿ, ಕಾಗೆ ಯಾವುದು ಕಿತ್ತುಕೊಂಡರೂ ಅವನಿಗೆ ಓಡಿಹೋಗಲು ಆಗುತ್ತಿರಲಿಲ್ಲ. ಗುರ್ ಅನ್ನುವುದೊಂದೇ ದಾರಿ. ಈಗ ನೀವು ತಟ್ಟೆ ತೆಗೆದರೆ ಅವನ ಅನುಮಾನ ನಿಜವಾಗುತ್ತದೆ: "ನೋಡು, ಇವರೂ ಕಿತ್ತುಕೊಳ್ಳಲು ಬಂದರು." ಅದಕ್ಕೇ ತಿನ್ನುವಾಗ ತಟ್ಟೆ ಮುಟ್ಟಲೇಬೇಡಿ. ಬದಲಿಗೆ ಏಳೆಂಟು ಹೆಜ್ಜೆ ದೂರದಲ್ಲಿ, ಅವನು ಮೈ ಬಿಗಿ ಮಾಡದಷ್ಟು ದೂರದಲ್ಲಿ, ನಡೆದು ಹೋಗುತ್ತಾ ತಟ್ಟೆಯಲ್ಲಿ ಇರುವುದಕ್ಕಿಂತ ರುಚಿಯಾದದ್ದನ್ನು ಅವನ ಕಡೆ ಎಸೆಯಿರಿ. ಬೇಯಿಸಿದ ಕೋಳಿ ಚೂರು, ಮೊಟ್ಟೆ, ಪನೀರ್, ನಿಮ್ಮ ಮನೆಯಲ್ಲಿ ನಡೆಯುವುದು ಯಾವುದಾದರೂ ಆದೀತು. ಎಸೆದು ನಿಲ್ಲಬೇಡಿ, ಹೊರಟುಹೋಗಿ. ದಿನಾ ಹೀಗೆ. ನೀವು ಕಂಡಾಗ ಬಾಲ ಸಡಿಲ ಮಾಡಿ ತಲೆ ಎತ್ತಿ "ಏನು ತಂದಿದ್ದೀಯ?" ಅಂತ ನೋಡಲು ಶುರು ಮಾಡಿದ ಮೇಲೆ ಮಾತ್ರ ಒಂದು ಹೆಜ್ಜೆ ಹತ್ತಿರ ಬನ್ನಿ. ವಾರಕ್ಕೆ ಒಂದು ಹೆಜ್ಜೆ ಆದರೂ ಸಾಕು. ಇದು ದೊಡ್ಡವರ ಕೆಲಸ, ಮಗಳ ಕೈಯಲ್ಲಿ ಮಾಡಿಸಬೇಡಿ.

ಗುರ್ ಅಂದಿದ್ದಕ್ಕೆ ಹೊಡೆಯುವುದು, ಗದರುವುದು ದೊಡ್ಡ ತಪ್ಪು. ಗುರ್ ಅನ್ನುವುದು ಅವನ ಮಾತು, "ಇನ್ನು ಮುಂದೆ ಬರಬೇಡ" ಅಂತ. ಆ ಮಾತನ್ನು ಬಾಯಿ ಮುಚ್ಚಿಸಿದರೆ ಮುಂದಿನ ಸಲ ಮಾತಿಲ್ಲದೆ ಕಚ್ಚುತ್ತಾನೆ. ಯಜಮಾನಿಕೆ ತೋರಿಸುವ ಮಾತು ಕೂಡಿಹಾಕಿದ ತೋಳಗಳ ಅಧ್ಯಯನದಿಂದ ಬಂದದ್ದು, ಅದನ್ನು ಜನಪ್ರಿಯ ಮಾಡಿದ ತೋಳ ಸಂಶೋಧಕ ಡೇವಿಡ್ ಮೀಚ್ ಅವರೇ ಮುಂದೆ ಆ ವಿವರಣೆ ಸರಿಯಲ್ಲ ಅಂತ ಬರೆದಿದ್ದಾರೆ. ಕಾಡಿನ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳು ಅಷ್ಟೇ. ದಯವಿಟ್ಟು ನಿಮ್ಮವರಿಗೆ ಇದನ್ನು ಓದಿಸಿ.

ಬಾಯಿಕುಕ್ಕೆ ಅಭ್ಯಾಸ ಮಾಡಿಸಿ. ಒಕ್ಕಣೆಯಲ್ಲಿ ಎತ್ತಿಗೆ ಕಟ್ಟುತ್ತಾರಲ್ಲ, ಆ ತರಹದ ಬುಟ್ಟಿ ಆಕಾರದ್ದು. ಬಿಗಿ ಬಟ್ಟೆಯದು ಬೇಡ, ಅದರಲ್ಲಿ ನಾಯಿ ಬಾಯಿ ತೆರೆದು ಏದುಸಿರು ಬಿಡಲು ಆಗದೆ ಮೈ ಕಾವು ಏರುತ್ತದೆ. ಒಳಗೆ ಸ್ವಲ್ಪ ಮೊಸರನ್ನ ಸವರಿ ಅವನೇ ಮೂತಿ ಹಾಕುವಂತೆ ಮಾಡಿ, ಮೊದಲ ವಾರ ಪಟ್ಟಿ ಕಟ್ಟಲೇಬೇಡಿ.

ಮೈಸೂರು ಕುವೆಂಪುನಗರ:

ನಾನು ಬೇರೆ ಕಡೆಯಿಂದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾವೂ ಒಂದು ದೊಡ್ಡ ನಾಯಿಯನ್ನು ದತ್ತು ತಂದಿದ್ದೆವು. ಎಂಟು ತಿಂಗಳು ಎಲ್ಲ ಮಾಡಿದೆವು. ನನ್ನ ಮಗನಿಗೆ ಆಗ ಐದು ವರ್ಷ. ಒಮ್ಮೆ ಗೀರಿತು. ಎರಡನೇ ಸಲ ಯಾವ ಸೂಚನೆಯೂ ಇಲ್ಲದೆ ಕೈ ಹಿಡಿಯಿತು, ನಾಲ್ಕು ಹೊಲಿಗೆ ಬಿದ್ದವು. ಆ ರಾತ್ರಿ ಒಂದು ಕಡೆ ಮಗ ಅಳುತ್ತಿದ್ದ, ಇನ್ನೊಂದು ಕಡೆ ನಾಯಿ ಮೂಲೆಯಲ್ಲಿ ನಡುಗುತ್ತಿತ್ತು, ಇಬ್ಬರನ್ನೂ ನೋಡಿ ನನಗೂ ಅಳು ಬಂತು. ಕೊನೆಗೆ ತಂದ ಕಡೆಯೇ ಮಾತಾಡಿ ವಾಪಸ್ ಕೊಟ್ಟೆವು. ಮಕ್ಕಳಿಲ್ಲದ, ತೋಟ ಇರುವ ಒಂದು ವಯಸ್ಸಾದ ದಂಪತಿ ಅದನ್ನು ತೆಗೆದುಕೊಂಡರು, ಚೆನ್ನಾಗಿದೆ.

ಹಾಗಾಗಿ ಈಗಲೇ ಕೊಡಿ ಅಂತ ನಾನು ಹೇಳುವುದಿಲ್ಲ. ಐದು ವಾರ ಏನೂ ಅಲ್ಲ. ಮೂರು ತಿಂಗಳವರೆಗೆ ಅವನಿಗೆ ಇದು ತನ್ನ ಮನೆ ಅಂತಲೇ ಅನ್ನಿಸಿರುವುದಿಲ್ಲ. ಆದರೆ ಗಂಡ ಹೆಂಡತಿ ಕೂತು ಗೆರೆ ಎಲ್ಲಿ ಅಂತ ಇವತ್ತೇ ಮಾತಾಡಿಕೊಳ್ಳಿ, ಆದ ಮೇಲೆ ಅಲ್ಲ. ಮಗಳು ಮತ್ತು ಚಿಗರಿ ಒಂದು ನಿಮಿಷವೂ ಇಬ್ಬರೇ ಇರಬಾರದು, ನೀವು ಬಾಗಿಲಿಗೆ ಹೋಗಿ ಹಾಲು ತರುವಷ್ಟು ಹೊತ್ತೂ ಸಹ. ನಾವು ಬಡಗಿಯಿಂದ ಅಡುಗೆಮನೆ ಬಾಗಿಲಿಗೆ ಎದೆಮಟ್ಟದ ಗೇಟು ಮಾಡಿಸಿದ್ದೆವು. ಅದನ್ನು ಮೊದಲ ದಿನವೇ ಮಾಡಿಸಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ. ಮಲಗಿದ ನಾಯಿಯನ್ನು ತಬ್ಬಿಕೊಳ್ಳುವುದು, ಮುಖಕ್ಕೆ ಮುಖ ತಾಗಿಸುವುದು ಬೇಡ ಅಂತ ಮಗಳಿಗೆ ದಿನಾ ಹೇಳಿ.

ಕೊಡಲೇಬೇಕಾಗಿ ಬಂದರೆ ತಂದ ಕಡೆಯೇ ಕೊಡಿ, ಕಚ್ಚಿದ್ದನ್ನು ಮುಚ್ಚಿಡಬೇಡಿ. "ನಮ್ಮ ಹೊಲ ಕಾಯಲು ಕೊಡಿ" ಅಂತ ಕೇಳಿಕೊಂಡು ಬರುವವರಿಗೆ ಖಂಡಿತ ಕೊಡಬೇಡಿ. ಮತ್ತೆ ಅದೇ ಸರಪಳಿ.

ಮಾಳಮಡ್ಡಿ ಮನೆ:

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಡಾಕ್ಟರಮ್ಮ, ನಿಮ್ಮ ಮಾತು ನಿಜ ಆಯಿತು, ರಕ್ತದಲ್ಲಿ ಉಣ್ಣಿ ಜ್ವರ ಸಿಕ್ಕಿತು. 28 ದಿನದ ಮಾತ್ರೆ ನಡೆಯುತ್ತಿದೆ. ಎರಡನೇ ವಾರಕ್ಕೇ ಊಟ ಜಾಸ್ತಿ ಆಯಿತು, ಈಗ 23 ಕೆಜಿ. ಗೇಟು ಮಾಡಿಸಿದ್ದೇವೆ. ತಟ್ಟೆ ಈಗ ಗೇಟಿನ ಆಚೆ, ಯಾರೂ ಮುಟ್ಟುವುದಿಲ್ಲ.

ನಮ್ಮವರಿಗೆ ಎಲ್ಲ ಉತ್ತರ ಓದಿಸಿದೆ. ಒಂದು ಮಾತೂ ಆಡಲಿಲ್ಲ. ಮರುದಿನ ಬೆಳಿಗ್ಗೆ ಅವರೇ ಮೊಟ್ಟೆ ಬೇಯಿಸಿಕೊಂಡು ಎಂಟು ಹೆಜ್ಜೆ ದೂರದಿಂದ ಎಸೆಯುತ್ತಾ ಓಡಾಡುತ್ತಿದ್ದರು. ಈಗ ಐದು ಹೆಜ್ಜೆಗೆ ಬಂದಿದ್ದಾರೆ. ನಿನ್ನೆ ಅವರ ಚಪ್ಪಲಿ ಸದ್ದಿಗೆ ಚಿಗರಿ ತಟ್ಟೆಯಿಂದ ತಲೆ ಎತ್ತಿ ಬಾಲ ಅಲ್ಲಾಡಿಸಿದ. ಗೆರೆಯನ್ನೂ ಮಾತಾಡಿಕೊಂಡಿದ್ದೇವೆ. ಮಗಳ ಮೇಲೆ ಒಮ್ಮೆ ಹಲ್ಲು ತಾಗಿದರೂ ತಂದ ಕಡೆಗೆ ಫೋನ್ ಮಾಡುವುದು. ಅಲ್ಲಿಯವರೆಗೆ ಅವನು ನಮ್ಮವನು.

ಕೋಲು ಕಂಡರೆ ಹೆದರುವುದು ಹಾಗೇ ಇದೆ. ಬೆಕ್ಕಿನ ವಿಷಯವೂ ಹಾಗೇ. ಒಂದು ಪ್ರಶ್ನೆ ಉಳಿದಿದೆ, ಬಾಯಿಕುಕ್ಕೆ ಯಾವ ಅಂಗಡಿಯಲ್ಲೂ ಇವನ ಮೂತಿಗೆ ಹೊಂದುತ್ತಿಲ್ಲ. ಉದ್ದಕ್ಕೆ ಸರಿಯಾದರೆ ಅಗಲ ಜಾಸ್ತಿ.

ಶಿರಸಿ ಪಶುವೈದ್ಯೆ:

ತುಂಬಾ ಖುಷಿಯಾಯಿತು. ಗ್ರೇಹೌಂಡ್ ನಾಯಿಯ ಅಳತೆ ಅಂತ ಕೇಳಿ, ಮೂತಿ ಅದೇ ತರಹ. ಹಾಕಿದಾಗ ಮೂಗಿನ ತುದಿ ಬುಟ್ಟಿಗೆ ತಾಗಬಾರದು, ಬಾಯಿ ಅಗಲ ತೆರೆದು ನಾಲಿಗೆ ಹೊರಗೆ ಹಾಕಲು, ನೀರು ಕುಡಿಯಲು ಆಗಬೇಕು. ಕಣ್ಣಿನ ಕೆಳಗೆ ಉಜ್ಜುತ್ತಿದೆಯಾ ನೋಡಿ, ಇವುಗಳ ಚರ್ಮ ತೆಳು. ಮಾತ್ರೆಯನ್ನು ಪೂರ್ತಿ ಮುಗಿಸಿ, ಆರಾಮಾದ ಅಂತ ನಡುವೆ ನಿಲ್ಲಿಸಬೇಡಿ.